ಫೋಟೋದಣ್ಣನ ಉದ್ದ ಲೆನ್ಸು

ಚಿಕ್ಕೋಡಿಯಲ್ಲಿ ನಾನು ಶಾಲೆ ಕಲಿಸಿದಷ್ಟೂ ವರ್ಷ ನಮ್ಮ ಮನೆಯ ಎದುರಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮೂರಿನವರಿಗೇ ಗುರುತು ಸಿಗಲಿಕ್ಕಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಚಿಕ್ಕವರಿಗೂ ದೊಡ್ಡವರಿಗೂ ಅವರು ಫೋಟೋದಣ್ಣ. ಮೊನ್ನೆ ಅವರು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದವರೂ 'ಫೋಟೋದಣ್ಣ ಹ್ವಾದ್ರಂತ್ರಿ ಅಕ್ಕೋರ' ಎಂದೇ ಹೇಳಿದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಸುದ್ದಿ ಕೇಳಿ ಅತ್ತೆ. ಆಮೇಲೆ ಚಹಾ ಮಾಡಿಕೊಂಡು ಕೂತು ಅವರನ್ನು ನೆನೆಯತೊಡಗಿದರೆ ಅಳುವಿಗಿಂತ ನಗುವೇ ಹೆಚ್ಚು ಬಂತು. ಆ ಮನುಷ್ಯ ಇದ್ದದ್ದೇ ಹಾಗೆ.

ಎತ್ತರದ ಆಳು, ಸಣಕಲು ದೇಹ, ಎಡಕ್ಕೆ ವಾಲಿದ ಕುತ್ತಿಗೆ. ಕ್ಯಾಮೆರಾ ಇರಲಿ ಬಿಡಲಿ, ಏನನ್ನೇ ನೋಡಬೇಕಾದರೂ ಒಂದು ಕಣ್ಣು ಅರ್ಧ ಮುಚ್ಚುತ್ತಿದ್ದರು. ಗುರುವಾರದ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅಷ್ಟೇ. ಹೊಸದಾಗಿ ಊರಿಗೆ ಬಂದ ಒಬ್ಬ ಹೆಂಗಸು ಇದನ್ನು ತಪ್ಪು ತಿಳಿದು ದೊಡ್ಡ ಗದ್ದಲ ಮಾಡಿದ್ದಳು. ನಾನೇ ನಡುವೆ ಹೋಗಿ, 'ಅವರು ಬದ್ನಿಕಾಯಿಗೂ ಹಂಗ ನೋಡ್ತಾರವ್ವ' ಎಂದು ಸಮಾಧಾನ ಮಾಡಬೇಕಾಯಿತು. ಆಕೆಗೆ ಅದರಿಂದ ಸಮಾಧಾನವಾಯಿತೋ ಇನ್ನೂ ಸಿಟ್ಟು ಬಂತೋ ತಿಳಿಯಲಿಲ್ಲ.

ಸ್ಟುಡಿಯೋದ ಒಳಗೆ ಒಂದು ಪರದೆ ಇತ್ತು. ಬೋರ್ಡು ಬರೆಯುವ ಪೇಂಟರನಿಂದ ಬರೆಸಿದ್ದು. ಹಿಮದ ಬೆಟ್ಟ, ಅದರ ಕೆಳಗೆ ಕೆರೆ, ಕೆರೆಯ ದಂಡೆಗೆ ತೆಂಗಿನ ಮರ. ಹಿಮದಲ್ಲಿ ತೆಂಗು ಹೇಗೆ ಬೆಳೆಯಿತು ಎಂದು ನಾನು ಒಮ್ಮೆ ಕೇಳಿದ್ದೆ. ಕಲಿಸುವವರ ಚಟ, ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ.

'ಗುಡ್ಡಾ ನಾ ಹೇಳಿದ್ದರಿ, ಗಿಡಾ ಪೇಂಟರಂದು. ಅಂವಂದೂ ಏನರ ಒಂದು ಇರಬೇಕಲ್ರಿ' ಎಂದರು.

ಆ ಗುಡ್ಡ ಮತ್ತು ಗಿಡದ ಮುಂದೆ ಕೂತು ಎಷ್ಟು ಹುಡುಗಿಯರು ಮದುವೆಯಾಗಿ ಹೋದರೋ. ಆಗೆಲ್ಲ ವರನ ಕಡೆಯವರಿಗೆ ಮೊದಲು ಫೋಟೋ ಕಳಿಸಬೇಕು. ಒಬ್ಬ ತಂದೆ ಬಂದು, ಮಗಳನ್ನು ಇನ್ನಷ್ಟು ಬೆಳ್ಳಗೆ ಮಾಡಿಕೊಡಿ ಎಂದು ಹಟ ಹಿಡಿದ. ಫೋಟೋದಣ್ಣ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, 'ಕಾಕಾ, ಇದಕ್ಕೂ ಹೆಚ್ಚ ಬೆಳ್ಳಗ ಮಾಡಿದ್ರ ಮದವಿ ದಿನಾ ಹುಡುಗೀನ ಸುಣ್ಣದ ಹರವ್ಯಾಗ ಅದ್ದಿ ತಗೀಬೇಕಾಗ್ತೈತಿ, ನೋಡ್ರಿ' ಎಂದರು. ಹುಡುಗಿ ಕಿಸಕ್ಕನೆ ನಕ್ಕಳು. ಆ ನಗುವನ್ನೇ ಅವರು ಕ್ಲಿಕ್ಕಿಸಿಬಿಟ್ಟರು, ಮತ್ತು ಆ ಫೋಟೋಕ್ಕೇ ಸಂಬಂಧ ಕೂಡಿತು. ನಿಪ್ಪಾಣಿ ಕಡೆಯಿಂದ ಬಂದವರಿಗೆ ಮರಾಠಿಯಲ್ಲಿ 'ಜರಾ ಮಾನ ವರ್ ಕರಾ' ಅನ್ನುತ್ತಿದ್ದರು, ನಮಗೆ 'ಗೋಣ ಎತ್ತರಿ' ಅನ್ನುತ್ತಿದ್ದರು. ಎರಡೂ ಭಾಷೆಯಲ್ಲಿ ಅವರು ಸಹಿಸದೆ ಇದ್ದದ್ದು ಒಂದೇ ಒಂದು, ಬಾಯಿ ತೆರೆದುಕೊಂಡು ಕೂರುವುದು.

ಇನ್ನೊಂದು ಕೆಲಸವೂ ಅವರಿಗೆ ಬರುತ್ತಿತ್ತು. ನಮ್ಮ ಭಾಗದ ರೂಢಿ ತಿಳಿಯದವರಿಗೆ ಹೇಳಬೇಕು. ಮನೆಯ ಹಿರಿಯರು ತೀರಿಕೊಂಡರೆ ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕುಳ್ಳಿರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ. ಮಕ್ಕಳು ಮೊಮ್ಮಕ್ಕಳು ಸುತ್ತ ನೆರೆದ ಮೇಲೆ ಫೋಟೋದವರನ್ನು ಕರೆಸುತ್ತಾರೆ. ಹೊಲಮನೆ, ದನಕರು ಎಂದು ಬದುಕಿದವರಿಗೆ ಅದೇ ಮೊದಲನೆಯ ಫೋಟೋ, ಅದೇ ಕಡೆಯದು. ಅಂಕಲಿಯಿಂದ, ಕೊಕಟನೂರಿನಿಂದ, ಎಲ್ಲಿಂದ ಕರೆ ಬಂದರೂ ಫೋಟೋದಣ್ಣ ಇಲ್ಲ ಅನ್ನುತ್ತಿರಲಿಲ್ಲ. ಹೋಗಿ, ಸತ್ತವರ ಸೆರಗನ್ನೋ ರುಮಾಲನ್ನೋ ತಾವೇ ಸರಿಮಾಡಿ, ತಮ್ಮ ಕೆಲಸ ಮುಗಿಸಿ ಬರುತ್ತಿದ್ದರು. ಬಂದು ಸ್ನಾನ ಮಾಡಿ, ಸ್ಟುಡಿಯೋದ ಮೆಟ್ಟಿಲ ಮೇಲೆ ಸುಮ್ಮನೆ ಕೂರುತ್ತಿದ್ದರು. ನಾನು ಚಹಾ ಕೊಡಲು ಹೋದರೆ ಒಮ್ಮೊಮ್ಮೆ ಮಾತಾಡುವರು.

'ಇವತ್ತ ಒಬ್ಬ ಮುದುಕರ ಮಾರಿ ನೋಡಿದ್ನಿರಿ ಅಕ್ಕೋರ. ಎಂಥಾ ಚಂದ ಮಾರಿ. ನಿನ್ನೆ ಕರದಿದ್ರ ಕಣ್ಣೂ ಸಿಗ್ತಿದ್ದೂ.'

ಮಾರಿ ಎಂದರೆ ನಮ್ಮಲ್ಲಿ ಮುಖ. ಅದೊಂದೇ ವಿಷಯದಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿಲ್ಲ.

ಅದಕ್ಕೆ ಕಾರಣ ಅವರ ಮನೆಯಲ್ಲೇ ಇತ್ತು. ಅವರ ತಾಯಿ, ನಾವೆಲ್ಲ ಆಯಿ ಅನ್ನುತ್ತಿದ್ದವಳು, ಒಮ್ಮೆಯೂ ಫೋಟೋ ತೆಗೆಸಿಕೊಂಡವಳಲ್ಲ. ಊರಿನ ಮುಖವನ್ನೆಲ್ಲ ಹಿಡಿದ ಮಗನಿಗೆ ತಾಯಿಯ ಮುಖ ಮಾತ್ರ ಸಿಕ್ಕಿರಲಿಲ್ಲ. ಆಯಿಯ ಗಂಡ ಹಿಂದೆ ಯಾವಾಗಲೋ ಮಿರಜಿಗೆ ಹೋದಾಗ ಹುಮ್ಮಸ್ಸಿನಿಂದ ಒಂದು ಫೋಟೋ ತೆಗೆಸಿಕೊಂಡು ಬಂದರಂತೆ. ಅದೇ ವರ್ಷ ತೀರಿಕೊಂಡರು. ಅಂದಿನಿಂದ ಆ ಫೋಟೋ ಪಡಸಾಲೆಯ ಗೋಡೆಯ ಮೇಲಿತ್ತು, ಮತ್ತು ಆಯಿಯ ತೀರ್ಮಾನವೂ ಅಷ್ಟೇ ಗಟ್ಟಿಯಾಗಿ ಮೊಳೆ ಹೊಡೆದುಕೊಂಡಿತ್ತು.

'ಗ್ವಾಡಿ ಮ್ಯಾಲ ಹ್ವಾದಾವ್ರು ಮತ್ತ ಕೆಳಗ ಇಳದಿಲ್ಲ' ಅನ್ನುತ್ತಿದ್ದಳು. 'ಮಂದೀದು ಎಷ್ಟರ ತಗಿ. ನಂದು ಬ್ಯಾಡ.'

ಮಗನ ಕೆಲಸದ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಸ್ಟುಡಿಯೋಕ್ಕೆ ಗಿರಾಕಿ ಬಂದರೆ ಅವಳೇ ಒಳಗೆ ಕರೆದು ಕೂರಿಸುವಳು. ಆದರೆ ಕ್ಯಾಮೆರಾದ ಕಣ್ಣು ತನ್ನ ಕಡೆ ತಿರುಗಿದ್ದು ಅವಳಿಗೆ ಹೇಗೋ ತಿಳಿದುಬಿಡುತ್ತಿತ್ತು. ಎಮ್ಮೆ ಹಿಂಡುವಾಗ ಜೋಳದ ಕಣಕಿಯ ಬಣವೆಯ ಹಿಂದೆ ಅಡಗಿ ನೋಡಿದರು ಫೋಟೋದಣ್ಣ. ಕ್ಲಿಕ್ ಅನ್ನುವಷ್ಟರಲ್ಲಿ ಆಯಿ ಎಮ್ಮೆಯ ಆ ಮಗ್ಗಲಿಗೆ ಹೋಗಿದ್ದಳು. ಎಮ್ಮೆಯ ಫೋಟೋ ಬಹಳ ಚೆನ್ನಾಗಿ ಬಂತು. ಹಪ್ಪಳ ಒಣಗಿಸುವಾಗ ಮಾಳಿಗೆಯ ಬೆಳಕಿಂಡಿಯಿಂದ ಪ್ರಯತ್ನಿಸಿದರು. ಸೆರಗು ಬಂತು, ಮೊಣಕೈ ಬಂತು.

'ಅವ್ವನ ಬೆನ್ನಿನ ಫೋಟೋ ನನ್ನಷ್ಟು ಯಾರ ಹತ್ತರನೂ ಇಲ್ರಿ' ಎಂದು ನಗುತ್ತಿದ್ದರು. ಒಂದು ದಿನ ನಗದೆ ಹೇಳಿದರು: 'ಅಕ್ಕೋರ, ಅವ್ವಗ ವಯಸ್ಸಾತು. ನಾಳೆ ಗ್ವಾಡಿಗಿ ಕುಂದ್ರಿಸಿ, ಕಣ್ಣ ಮುಚ್ಚಿದ್ದ ಮಾರಿ ನಾನ ತಗೀಬೇಕಾಗ್ತೈತಿ. ಎಲ್ಲಾರ್ದೂ ತಗದೇನಿ. ಆಕೀದು ಹಂಗ ತಗಿಯಾಕ ನನ್ನ ಕೈಲೆ ಆಗೂದಿಲ್ಲ.'

ಅದಕ್ಕೆ ಅವರು ಕಂಡುಕೊಂಡ ದಾರಿ ಉದ್ದ ಲೆನ್ಸು. ದೂರದಲ್ಲಿ ನಿಂತು ಹತ್ತಿರದ್ದು ಹಿಡಿಯುವಂಥದ್ದು. ಆಯಿಗೆ ಸುಳಿವೇ ಸಿಗದಷ್ಟು ದೂರದಿಂದ ಒಂದು ಸಲ ಮುಖ ಸಿಕ್ಕರೆ ಸಾಕು. ಆದರೆ ಆಗ ಅಂಥ ಲೆನ್ಸು ಬೆಳಗಾವಿಯಲ್ಲೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕರೂ ಕದ್ದು ತಂದ ಮಾಲು, ಹೇಳಿದ್ದೇ ರೇಟು. ಪರದೇಶದಲ್ಲಿ ಅಗ್ಗ ಎಂದು ಎಲ್ಲರೂ ಹೇಳುವರು. ಚಿಕ್ಕೋಡಿಯ ಫೋಟೋದವರಿಗೆ ಯಾವ ಪರದೇಶ?

ಎಂಬತ್ತರ ದಶಕ ಮುಗಿಯಲು ಒಂದೆರಡು ವರ್ಷ ಇದ್ದಾಗ ಆ ಪರದೇಶ ತಾನಾಗಿಯೇ ಬಾಗಿಲಿಗೆ ಬಂತು. ನಿಪ್ಪಾಣಿಯ ಜೈನ ಶೇಟರೊಬ್ಬರು ದೀಪಾವಳಿ ಸೂಟಿಯಲ್ಲಿ ಯಾತ್ರೆಯ ಬಸ್ಸು ಹೊರಡಿಸುತ್ತಿದ್ದರು. ಅವರ ಮಂದಿಗೆ ಶಿಖರಜಿ, ನಮ್ಮ ಮಂದಿಗೆ ಕಾಶಿ, ಮತ್ತು ಎಲ್ಲರಿಗೂ ಕೂಡಿ ಕಾಠ್ಮಂಡುವಿನ ಪಶುಪತಿನಾಥ. 'ಏ, ಫಾರಿನ್ ಟೂರ್ ಆಗ್ತೈತ್ರಿ' ಎಂದು ಶೇಟರು ಮನೆಮನೆಗೆ ಹೇಳಿಕೊಂಡು ಬಂದರು. ಫೋಟೋದಣ್ಣ ಅವತ್ತೇ ತಾಯಿಯದೂ ತಮ್ಮದೂ ಸೀಟು ಹಿಡಿದರು. ಆಯಿಗೆ ಕಾಶಿಯ ಪುಣ್ಯ, ಮಗನಿಗೆ ಕಾಠ್ಮಂಡುವಿನ ಲೆನ್ಸು. ನಾವು ಗಂಡಹೆಂಡತಿಯೂ ಹೊರಟೆವು. ನಮ್ಮ ಮನೆಯವರು ಬಸ್ಸು ಹತ್ತಿದರೆ ನಿದ್ದೆ ಹೋಗುವವರು. ಕಾಶಿ ಬಂದಾಗ ಎಬ್ಬಿಸಿದೆ, ಕಾಠ್ಮಂಡು ಬಂದಾಗ ಎಬ್ಬಿಸಿದೆ.

ಬಸ್ಸಿನಲ್ಲಿ ಎರಡು ಒಲೆ. ಜೈನ ಮಂದಿಗೆ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು, ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲ. ನಮಗೆ ಆಮೇಲೆ, ಎರಡೂ ಬೇಕು. ಆಯಿ ಎರಡೂ ಪಂಕ್ತಿಯಲ್ಲಿ ಕೂತಳು. ಶೇಟರು ಕೇಳಿದ್ದಕ್ಕೆ, 'ಯಾತ್ರಾಕ ಬಂದಾಗ ಭೇದಾ ಮಾಡಬಾರದೋ ಶೇಟಜಿ' ಎಂದಳು. ಹಲ್ಲಿಗೆ ಮಿಸ್ರಿ, ಅಂದರೆ ಸುಟ್ಟ ತಂಬಾಕಿನ ಪುಡಿ, ತಿಕ್ಕಿಕೊಳ್ಳುತ್ತ ಕಿಟಕಿಯ ಪಕ್ಕ ಕೂತು ಇಡೀ ಉತ್ತರ ಭಾರತವನ್ನು ಎಮ್ಮೆಗಳ ಲೆಕ್ಕದಲ್ಲಿ ಅಳೆದಳು. ನಮ್ಮ ಎಮ್ಮೆಯೇ ಚೆನ್ನ ಎಂಬುದು ಅವಳ ಅಂತಿಮ ಅಭಿಪ್ರಾಯವಾಗಿತ್ತು.

ಗಡಿಯಲ್ಲಿ ಒಂದು ಬಿದಿರಿನ ಗಳ ಎತ್ತಿದರು, ಬಸ್ಸು ದಾಟಿತು, ಫಾರಿನ್ ಬಂತು. ಆ ಕಡೆಯೂ ಅದೇ ಧೂಳು, ಅದೇ ಕಬ್ಬು. ರಾಯಬಾಗದ ಗೌಡರ ಮನೆಯ ಒಬ್ಬ ಹೆಂಗಸು, ಬಸ್ಸಿಗೆಲ್ಲ ವೈನಿ, ಅಂದರೆ ಅತ್ತಿಗೆ, ಆಗಿದ್ದವರು, 'ಇಷ್ಟನ ಏನ?' ಎಂದು ನಿರಾಸೆಯಿಂದ ಕೇಳಿದರು. ಮುಂದೆ ಘಟ್ಟ ಹತ್ತಿ ಹಿಮದ ಬೆಟ್ಟ ಕಂಡಾಗ ಎಲ್ಲರೂ ಕೈ ಮುಗಿದರೆ, ಫೋಟೋದಣ್ಣ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. 'ಅಕ್ಕೋರ, ತೆಂಗಿನ ಗಿಡಾ ಎಲ್ಲೂ ಕಾಣವಲ್ದು' ಎಂದರು.

ಕಾಠ್ಮಂಡುವಿನ ಅಂಗಡಿ ಸಾಲಿಗೆ ಅವರು ನನ್ನನ್ನು ಕರೆದುಕೊಂಡು ಹೋದರು. ಅವರ ಹಿಂದಿ ನಮ್ಮ ಸಂತೆಯ ಮಟ್ಟದ್ದು, ನನ್ನದು ಪುಸ್ತಕದ್ದು. ಎರಡೂ ಸೇರಿದರೆ ಹೇಗೋ ಒಂದು ವ್ಯವಹಾರ ಆಗುತ್ತಿತ್ತು. ಗಾಜಿನ ಕಪಾಟಿನ ತುಂಬ ಕ್ಯಾಮೆರಾ, ಲೆನ್ಸು, ಫ್ಲ್ಯಾಶು. ಅವರು ಯಾವುದನ್ನೂ ಮುಟ್ಟುವ ಮೊದಲು ಕೈ ತೊಳೆಯಲು ನೀರು ಕೇಳಿದರು. ಅಂಗಡಿಯವ ಇಂಥ ಗಿರಾಕಿಯನ್ನು ಕಂಡಿರಲಿಲ್ಲವೇನೋ, ತಾನೇ ತಂಬಿಗೆ ತಂದು ಕೈಗೆ ಹಾಕಿದ. ಕೈ ಒರೆಸಿಕೊಂಡು, ತಮ್ಮ ಹಳೆಯ ಕ್ಯಾಮೆರಾಕ್ಕೆ ಆ ಉದ್ದ ಲೆನ್ಸನ್ನು ತಿರುವಿ ಕೂಡಿಸಿ, ಅಂಗಡಿಯ ಬಾಗಿಲಿಗೆ ಬಂದು ಕಣ್ಣಿಗೆ ಹಿಡಿದರು. ರಸ್ತೆಯ ಆ ತುದಿಗೆ ನಮ್ಮ ಬಸ್ಸು ನಿಂತಿತ್ತು.

ಅವರು ಅಲುಗಾಡಲಿಲ್ಲ. ನಾನು ಏನಾಯಿತು ಎಂದು ಕೇಳಿದೆ.

'ಅವ್ವ ಬಸ್ಸಿನ ಪಾವಟಿಗಿ ಮ್ಯಾಲ ಕುಂತಾಳ್ರಿ' ಎಂದರು ಮೆಲ್ಲಗೆ. 'ಒಂದು ಆಡು ಬಸ್ಸ ಹತ್ತಾಕ ನೋಡಾಕತ್ತೈತಿ. ಅದನ್ನ ನೋಡಿ ಒಬ್ಬಾಕೀನ ನಗಾಕತ್ತಾಳ.'

'ಮತ್ತೇನ ನೋಡ್ತೀರಿ, ತಗೀರಿ.'

'ಪೂಜಾ ಆಗಿಲ್ರಿ.'

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಗಿ ತಲೆ ಚಚ್ಚಿಕೊಳ್ಳುವಂತಾಯಿತು. ಹೊಸ ಸಾಮಾನು ಯಾವುದೇ ಬರಲಿ, ಕುಡುಗೋಲಾಗಲಿ, ಟ್ರ್ಯಾಕ್ಟರಾಗಲಿ, ಕಾಯಿ ಒಡೆದು ಅರಿಷಿಣ ಕುಂಕುಮ ಏರಿಸದೆ ಕೆಲಸಕ್ಕೆ ಹಚ್ಚಬಾರದು. ಇದನ್ನು ಅವರಿಗೆ ಕಲಿಸಿದವಳು ಅದೇ ಆಯಿ. ಹೊಸ ಲೆನ್ಸಿನ ಮೊದಲ ಫೋಟೋ, ಅದೂ ತಾಯಿಯದು, ಪೂಜೆ ಇಲ್ಲದೆ ತೆಗೆದು ಏನಾದರೂ ಹೆಚ್ಚುಕಡಿಮೆ ಆದರೆ? ಅಂಗಡಿಯವ ಮಾಲಿನಲ್ಲಿ ದೋಷ ಕಂಡಿತೇ ಎಂದು ಗಾಬರಿಯಿಂದ ನನ್ನನ್ನು ಕೇಳಿದ. ನನ್ನ ಪುಸ್ತಕದ ಹಿಂದಿಗೆ ಇದನ್ನು ವಿವರಿಸುವ ಶಕ್ತಿ ಇರಲಿಲ್ಲ. ಲೆನ್ಸು ಕೊಂಡು ನಾವು ಹೊರಗೆ ಬರುವಷ್ಟರಲ್ಲಿ ಆಡೂ ಇರಲಿಲ್ಲ, ಆಯಿಯೂ ಒಳಗೆ ಹೋಗಿದ್ದಳು. ಧರ್ಮಶಾಲೆ ಮುಟ್ಟುವವರೆಗೆ ನಾನು ಅವರನ್ನು ಬೈದೆ. ಅವರು ಡಬ್ಬಿಯನ್ನು ಎದೆಗೆ ಅವಚಿಕೊಂಡು ಹೌದ್ರಿ, ಹೌದ್ರಿ ಅನ್ನುತ್ತ ಬಂದರು.

ಪೂಜೆ ಆ ಸಂಜೆಯೇ ಆಯಿತು. ಆಯಿಯೇ ಮುಂದೆ ನಿಂತಳು. 'ಇದೇನೋ, ಊದಗೊಳವಿ ಹಂಗೈತಿ?' ಎಂದು ಕೇಳಿದಳು.

'ದೂರಿಂದು ಹತ್ತರ ಕಾಣ್ತೈತವ್ವ.'

'ಹಂಗಾರ ಆ ಗುಡ್ಡಾ ತಗಿ. ಊರಾಗಿನ ಮಂದಿಗಿ ತೋರ್ಸಾಕಾಗ್ತೈತಿ.'

ಫೋಟೋದಣ್ಣ ಹೂಂ ಎಂದರು. ಅಷ್ಟರಲ್ಲಿ ವೈನಿ ಉತ್ಸಾಹದಿಂದ ಬೆರಳನ್ನು ನೀರಿಗೆ ಅದ್ದಿ, ಅರಿಷಿಣ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟರು. ಎಲ್ಲಿಗೆ? ಲೆನ್ಸಿನ ಗಾಜಿನ ನಟ್ಟನಡುವೆ, ರೂಪಾಯಿಯಷ್ಟು ದೊಡ್ಡದು. ಫೋಟೋದಣ್ಣನ ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು. ವೈನಿಗೆ ತಪ್ಪೇನು ಎಂದು ಹೊಳೆಯಲಿಲ್ಲ.

'ಟ್ಯಾಕ್ಟರಿಗಿ ದೀಪಕ್ಕ ಹಚ್ಚೂದಿಲ್ಲೇನ್ರಿ? ಇದಕ್ಕ ಕಣ್ಣಿಗಿ ಹಚ್ಚಬೇಕು' ಎಂದರು.

ಮರುದಿನ ಬೆಳಿಗ್ಗೆ ಆಯಿ ಪಶುಪತಿಯ ಗುಡಿಯ ಮೆಟ್ಟಿಲ ಮೇಲೆ, ಎಳೆಬಿಸಿಲಿಗೆ ಮುಖವೊಡ್ಡಿ, ಬೇಕೆಂದೇ ಕೂತಂತೆ ಕೂತಿದ್ದಾಗ ಮಗ ಒಂದು ಮೂಲೆಯಲ್ಲಿ ಹಳೆಯ ಧೋತರದ ಚೂರಿನಿಂದ ಗಾಜು ಒರೆಸುತ್ತಿದ್ದರು. ಗಾಜು ಶುದ್ಧವಾದ ಮೇಲೆಯೂ ಅದರ ಸುತ್ತಲಿನ ಬಳೆಯ ಗೆರೆಗಳಲ್ಲಿ ಕೆಂಪು ಉಳಿದೇ ಉಳಿಯಿತು. ಆಮೇಲಿನ ಪ್ರಯತ್ನಗಳನ್ನು ಹೇಳದಿರುವುದೇ ಒಳಿತು. ಒಮ್ಮೆ ಪಾರಿವಾಳದ ಹಿಂಡು ಎದ್ದಿತು. ಒಮ್ಮೆ ಧರ್ಮಶಾಲೆಯ ಮಾಳಿಗೆಯಿಂದ ಗುರಿ ಹಿಡಿದಿದ್ದರು, ಎಂದೂ ಏಳದ ನಮ್ಮ ಮನೆಯವರು ಆಗಲೇ ಎದ್ದು ಟವೆಲ್ ಹಿಂಡುತ್ತ ಅಡ್ಡ ಬಂದು ನಿಂತರು. ಆ ಫೋಟೋ ನಮ್ಮ ಮನೆಯಲ್ಲಿದೆ.

ತಿರುಗಿ ಬರುವಾಗ ಗಡಿಯಲ್ಲಿ ತಪಾಸಣೆ ಎಂದು ಎಲ್ಲರಿಗೂ ಗೊತ್ತಿತ್ತು. ವೈನಿ ಕೊಂಡ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟು, ಕೈ ಮಡಚಲಾಗದೆ ಕೂತಿದ್ದರು. ಶೇಟರು ಫೋಟೋದಣ್ಣನ ಪಕ್ಕಕ್ಕೆ ಬಂದು ಪಾಠ ಹೇಳಿದರು.

'ಹಳೇದು ಅನ್ರಿ. ಮನೀಂದ ತಂದದ್ದು ಅನ್ರಿ. ಮತ್ತೊಂದು ಮಾತ ಆಡಬ್ಯಾಡ್ರಿ, ಜಪ್ತ ಮಾಡ್ತಾರ.'

ಅಧಿಕಾರಿ ನಡುವಯಸ್ಸಿನವರು, ಸಮಾಧಾನದ ಮನುಷ್ಯ. ಎಲ್ಲರನ್ನೂ ಕೆಳಗಿಳಿಸಿ ಚೀಲಗಳನ್ನು ನೋಡುತ್ತ ಬಂದು, ಲೆನ್ಸನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿದರು. ಬಳೆಯ ಗೆರೆಗಳಲ್ಲಿದ್ದ ಕುಂಕುಮ ಅವರ ಬೆರಳಿಗೆ ಹತ್ತಿತು. ಎಷ್ಟು ದಸರೆಯ ಪೂಜೆ ಕಂಡದ್ದೋ ಎಂದುಕೊಂಡಿರಬೇಕು, 'ಪುರಾನಾ ಹೈ ನಾ?' ಎಂದು ತಾವೇ ಕೇಳಿದರು. ಇಡೀ ಬಸ್ಸು ಒಟ್ಟಿಗೆ ತಲೆ ಆಡಿಸಿತು. ವೈನಿ ಎಲ್ಲರಿಗಿಂತ ಜೋರಾಗಿ.

'ನಹೀ ಸಾಬ್' ಎಂದರು ಫೋಟೋದಣ್ಣ. 'ನಯಾ ಹೈ. ಕಾಠ್ಮಂಡು ಮೇ ಲಿಯಾ.'

ಶೇಟರು ಹಣೆಗೆ ಕೈ ಹಚ್ಚಿ ಪಕ್ಕಕ್ಕೆ ಹೋದರು. ಅಧಿಕಾರಿ ಈಗ ನಿಜವಾಗಿ ನೋಡತೊಡಗಿದರು. ಗಡಿ, ಠಾಣೆ, ಸೇತುವೆ ಇರುವ ಜಾಗ. ಮೈಲು ದೂರದ್ದನ್ನು ಎಳೆದು ತರುವ ಲೆನ್ಸು. ಯಾತ್ರೆಗೆ ಬಂದವರಿಗೆ ಇದು ಯಾಕೆ? ಯಾವುದರ ಫೋಟೋ ತೆಗೆಯಲು? ಅವರ ದನಿ ಬದಲಾಗಿತ್ತು. ನನಗೆ ಭಯವಾಯಿತು. ಲೆನ್ಸು ಹೋಗುವುದು ಒತ್ತಟ್ಟಿಗಿರಲಿ, ಈ ಮನುಷ್ಯನನ್ನೇ ಇಟ್ಟುಕೊಂಡರೆ ಏನು ಗತಿ?

'ಮಾಂ ಕಾ' ಎಂದರು ಫೋಟೋದಣ್ಣ. ಅಧಿಕಾರಿಗೆ ತಿಳಿಯಲಿಲ್ಲ. ತಾಯಿಯ ಫೋಟೋಕ್ಕೆ ಇಷ್ಟುದ್ದ ಲೆನ್ಸೇ? ಫೋಟೋದಣ್ಣನ ಹಿಂದಿ ಅಲ್ಲಿಗೆ ಮುಗಿದಿತ್ತು. ನನ್ನ ಕಡೆ ತಿರುಗಿದರು. 'ಅಕ್ಕೋರ, ನಾ ಹೇಳ್ತೇನಿ, ನೀವು ಸಾಹೇಬರಿಗಿ ಹಿಂದಿದಾಗ ಹೇಳ್ರಿ.'

ಹೇಳತೊಡಗಿದರು. ನಾನು ಹಿಂದಿಯಲ್ಲಿ ಜೋಡಿಸುತ್ತ ಹೋದೆ. ಅಡಗಿ ಕೂತ ಕಣಕಿಯ ಬಣವೆ, ಎಮ್ಮೆಯ ಫೋಟೋ, ಬೆನ್ನಿನ ಫೋಟೋಗಳು, ಎಲ್ಲ ಬಂತು. ಅರ್ಧಕ್ಕೆ ಬಂದ ಮೇಲೆ ನನಗೆ ಹೊಳೆಯಿತು. ಸಾಹೇಬರಿಗೆ ತಿಳಿಯಲಿ ಎಂದು ನಾನು ಹಿಂದಿ ಆಡುತ್ತಿದ್ದೆ. ಆದರೆ ಅವರು ಆಡುತ್ತಿದ್ದುದು ಕನ್ನಡ, ಮತ್ತು ಆಯಿ ಅಲ್ಲೇ ಒಂದು ಟ್ರಂಕಿನ ಮೇಲೆ ಕೂತು ಪ್ರತಿ ಮಾತನ್ನೂ ಕೇಳುತ್ತಿದ್ದಳು. ನಾನು ಕಣ್ಸನ್ನೆ ಮಾಡಿದೆ. ಅವರು ನೋಡಲಿಲ್ಲ. ಎಷ್ಟೋ ವರ್ಷ ಒಳಗಿದ್ದದ್ದು ಹೊರಗೆ ಬರುತ್ತಿತ್ತು, ನಿಲ್ಲಿಸುವುದು ಅವರ ಕೈಯಲ್ಲೂ ಇರಲಿಲ್ಲ.

'ನಮ್ಮ ಕಡೆ ಸತ್ತ ಮ್ಯಾಲ ಕುಂದ್ರಿಸಿ ಫೋಟೋ ತಗೀತಾರಂತ ಹೇಳ್ರಿ. ಊರ ಮಂದೀದೆಲ್ಲಾ ನಾನ ತಗದೇನಂತ ಹೇಳ್ರಿ. ಅವ್ವಂದು ಹಂಗ ತಗೀಬಾರದಂತ ಇದನ್ನ ತಗೊಂಡ್ನಿ. ನನ್ನ ಕಡೆ ನೋಡದಿದ್ರೂ ನಡೀತೈತಿ. ಕಣ್ಣ ತಗದಿದ್ರ ಸಾಕು. ಅಷ್ಟ ಹೇಳ್ರಿ.'

ನಾನು ಹೇಳಿದೆ. ಅಧಿಕಾರಿ ಲೆನ್ಸನ್ನು ಕೆಳಗಿಡದೆ ಆಯಿಯ ಕಡೆ ನೋಡಿದರು. ಬಸ್ಸಿನ ಮಂದಿಯೆಲ್ಲ ಆಯಿಯ ಕಡೆ ನೋಡಿದರು. ಅವಳು ಬಾಯಲ್ಲಿದ್ದ ಮಿಸ್ರಿಯನ್ನು ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

'ಇದರ ಸಲುವಾಗಿ ಇಷ್ಟ ದೂರ ಬಂದೀ ಏನೋ?' ಎಂದಳು.

ಫೋಟೋದಣ್ಣ ತಲೆ ತಗ್ಗಿಸಿದರು.

'ಸಾಹೇಬಾ, ಅವನ ಸಾಮಾನ ಅವಂಗ ಕೊಡಪಾ' ಎಂದಳು ಅಧಿಕಾರಿಗೆ, ಅಚ್ಚ ಕನ್ನಡದಲ್ಲಿ. ಅನುವಾದ ಬೇಕಾಗಲಿಲ್ಲ. ಅವರು 'ಹಾಂ, ಫೋಟೋ ಖೀಂಚೋ' ಎಂದು ಲೆನ್ಸನ್ನು ಫೋಟೋದಣ್ಣನ ಕೈಗೆ ಕೊಟ್ಟರು. ಆಯಿ ಸೆರಗನ್ನು ತಲೆಯ ಮೇಲೆ ಎಳೆದು, ಟ್ರಂಕಿನ ಮೇಲೆಯೇ ನೆಟ್ಟಗೆ ಕೂತಳು.

'ಒಂದ. ಎರಡನೇದಕ್ಕ ನಾ ಇಲ್ಲ. ಗ್ವಾಡಿಗಿ ಹಾಕೂದಿಲ್ಲಂತ ಮಾತ ಕೊಡು.'

'ಇಲ್ಲವ್ವ, ಹಾಕೂದಿಲ್ಲ.'

ಇಷ್ಟು ವರ್ಷ ಕಾದ ಮುಖ ಅವರ ಎದುರಿಗೆ ಕೂತಿತ್ತು. ಅವರು ಲೆನ್ಸು ಕೂಡಿಸಿ ಕಣ್ಣಿಗೆ ಹಿಡಿದರು. ಏನೂ ಕಾಣಲಿಲ್ಲ, ಎಲ್ಲ ಮಸುಕು. ಉದ್ದ ಲೆನ್ಸಿಗೆ ಹತ್ತಿರದ್ದು ಸಿಗುವುದಿಲ್ಲ. ಮಾಮೂಲಿ ಲೆನ್ಸು ಬಸ್ಸಿನ ಮೇಲೆ, ಹಗ್ಗ ಕಟ್ಟಿದ ಹಾಸಿಗೆಗಳ ಕೆಳಗೆ ಇತ್ತು. ಅದನ್ನು ಇಳಿಸುವವರೆಗೆ ಆಯಿಯ ಮನಸ್ಸು ಹೀಗೇ ಇದ್ದೀತು ಎಂದು ಯಾರು ಹೇಳಬೇಕು? ಅವರು ಹಿಂದೆ ಸರಿದರು. ಮತ್ತೂ ಸರಿದರು. ಮುಖದ ಜೊತೆ ಕೈಯೂ ಬರಲಿ, ಕಾಲೂ ಬರಲಿ ಎಂದು ಆಸೆ ಹುಟ್ಟಿರಬೇಕು, ಸರಿಯುತ್ತ ಸರಿಯುತ್ತ ರಸ್ತೆಯ ಆ ದಂಡೆಗೆ, ಸೈಕಲ್ ರಿಕ್ಷಾಗಳ ನಡುವೆ ಹೋಗಿ ನಿಂತರು. ಆಯಿಗೆ ಅದು ಸರಿ ಬರಲಿಲ್ಲ. ಮಗನಿಗೆ ಫೋಟೋ ಕೊಡುತ್ತೇನೆಂದು ತಾನು ಕೂತರೆ ಅವನು ಓಡಿಹೋಗುತ್ತಿದ್ದಾನೆ.

'ಅಲ್ಲೇನ ಮಾಡ್ತೀಯೋ? ಹತ್ತರ ಬಾ' ಎಂದು ಕೂಗಿದಳು.

'ಹತ್ತರ ಬಂದ್ರ ಕಾಣೂದಿಲ್ಲವ್ವ' ಎಂದು ಆ ದಂಡೆಯಿಂದ ಉತ್ತರ ಬಂತು.

'ಹುಚ್ಚ ಅದೀ ಏನ? ಹತ್ತರ ಬಾ ಅಂದ್ನಿ' ಎಂದು ಅವಳು ಕೈ ಎತ್ತಿ ಕರೆಯುವುದಕ್ಕೂ ಅವರು ಗುಂಡಿ ಒತ್ತುವುದಕ್ಕೂ ಸರಿಹೋಯಿತು. ಆಯಿ ಎದ್ದು ಸೀರೆ ಕೊಡವಿಕೊಂಡು ಬಸ್ಸು ಹತ್ತಿದಳು.

ಅಧಿಕಾರಿ ನಿಯಮದಂತೆ ಸುಂಕ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಂದು ಆಯಿಗೆ ಕೈ ಮುಗಿದರು. ವೈನಿಯ ಸ್ವೆಟರುಗಳ ಬಗ್ಗೆ ಯಾರೂ ಕೇಳಲಿಲ್ಲ. ಶೇಟರು ಮಾತ್ರ ಗೋರಖಪುರದವರೆಗೂ 'ಸಾಹೇಬರ ಅಂದಿದ್ರಲ್ರಿ ಪುರಾನಾ ಅಂತ, ಹೂಂ ಅನ್ನಾಕ ಏನಾಗಿತ್ತು' ಎಂದು ಗೊಣಗಿದರು. ತಾಯಿ ಮಗ ಒಂದೇ ಸೀಟಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು. 'ಎಮ್ಮಿ ಫೋಟೋ ನನಗ ಯಾಕ ತೋರಿಸಿಲ್ಲ?' ಎಂದು ಆಯಿ ಕೇಳಿದ್ದು ನನಗೆ ಕೇಳಿಸಿತು.

ಊರಿಗೆ ಬಂದ ಮರುದಿನ ಫೋಟೋದಣ್ಣ ಒದ್ದೆ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ರಸ್ತೆ ದಾಟಿ ನಮ್ಮ ಮನೆಗೆ ಬಂದರು. ಅವರ ಕಸುಬಿನ ಲೆಕ್ಕದಲ್ಲಿ ಅದು ಕೆಟ್ಟ ಫೋಟೋ. ಸೆರಗು ಜಾರಿದೆ. ಎತ್ತಿದ ಕೈಯ ಬೆರಳು ಮಸುಕು. ಎಲ್ಲಕ್ಕಿಂತ ಹೆಚ್ಚಾಗಿ, ಬಾಯಿ ಅಗಲವಾಗಿ ತೆರೆದಿದೆ. ಆದರೆ ಕಣ್ಣು ಎರಡೂ ತೆರೆದು ನೆಟ್ಟಗೆ ಮಗನ ಕಡೆಗೇ ನೋಡುತ್ತಿದ್ದವು. 'ಬಾಯಿ ತಗದಾಳ ನೋಡ್ರಿ' ಎಂದು ನಾನು ಛೇಡಿಸಿದೆ. 'ತಗೀಲಿ ಬಿಡ್ರಿ' ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಾತು ಕೊಟ್ಟಂತೆ ಅದನ್ನು ಗೋಡೆಗೆ ಹಾಕಲಿಲ್ಲ.

ಆಯಿ ಮುಂದೆಯೂ ಹಲವು ವರ್ಷ ಗಟ್ಟಿಯಾಗಿದ್ದಳು. ಫೋಟೋ ತೆಗೆಸಿಕೊಂಡ ಮೇಲೂ ಏನೂ ಆಗಲಿಲ್ಲ ಎಂಬುದರ ಬಗ್ಗೆ ಅವಳು ಮಾತೇ ಎತ್ತುತ್ತಿರಲಿಲ್ಲ, ಎತ್ತಿದರೆ ಎರಡನೆಯದು ಕೇಳಿಯಾನು ಎಂದು. ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಎಮ್ಮೆಗೆ ನೀರು ಕುಡಿಸಿ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ರೂಢಿಯಂತೆ ಮೈ ತೊಳೆದು, ಹಾರ ಹಾಕಿ, ಗೋಡೆಗೆ ಆನಿಸಿ ಕುಳ್ಳಿರಿಸಿದರು. ಅಕ್ಕೋಳದಿಂದ ಬಂದ ಆಯಿಯ ತಮ್ಮ, 'ಫೋಟೋ ಒಂದು ಆಗ್ಲಿಪಾ, ನಿನ್ನ ಕೈಲೆ ಆಗದಿದ್ರ ನಿಪ್ಪಾಣಿಯವ್ರನ್ನ ಕರಸೂನು' ಎಂದರು.

'ಬ್ಯಾಡ ಮಾಮಾ. ತಗದದ್ದೈತಿ' ಎಂದರು ಫೋಟೋದಣ್ಣ. ಒಳಗೆ ಹೋಗಿ ಆ ಫೋಟೋ ತಂದು ಎಲ್ಲರ ಕೈಗೆ ಕೊಟ್ಟರು. ಅಳಲು ಬಂದವರು ಒಬ್ಬರಾದ ಮೇಲೊಬ್ಬರು ನೋಡಿದರು. ಒಂದಿಬ್ಬರು ಹೆಂಗಸರಿಗೆ ಅಳುವಿನ ನಡುವೆ ನಗು ಬಂತು. ಮಾವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, 'ಅಕ್ಕ ಇದರಾಗ ಯಾರಿಗಿ ಒದರಾಕತ್ತಾಳಪಾ?' ಎಂದು ಕೇಳಿದರು.

'ನನಗರಿ' ಎಂದರು. 'ಹತ್ತರ ಬಾ ಅನ್ನಾಕತ್ತಾಳ.'

ಆಮೇಲೆ ಹೋಗಿ ಅವ್ವನ ಮಗ್ಗಲಿಗೆ, ಗೋಡೆಗೆ ಬೆನ್ನು ಹಚ್ಚಿ ಕುಳಿತರು.